ಹೊಸ ಬೀಗ, ಹಳೆಯ ಬಾಗಿಲು

ಮೊನ್ನೆ ಒಂದು ಸಣ್ಣ ಪರೀಕ್ಷೆಗೆಂದು ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದೆ. ಅದಕ್ಕೊಂದು ಹೆಸರಿರಲಿಲ್ಲ, ಅದರ ಮೇಲೆ ವೆಬ್‌ಸೈಟೂ ಇರಲಿಲ್ಲ. ಅದರ ವಿಳಾಸವನ್ನು ನಾನು ಯಾರಿಗೂ ಹೇಳಿರಲಿಲ್ಲ. ಬೇಕೆಂದೇ, ದೂರದಿಂದ ಲಾಗಿನ್ ಆಗುವ 22ನೇ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಟ್ಟು, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದು ಲಾಗ್ ನೋಡಿದೆ. ಅಷ್ಟರಲ್ಲಿ ಬಾಗಿಲು ಬಡಿಯುವವರು ಬಂದುಬಿಟ್ಟಿದ್ದರು. ಒಂದು ಸಾಲಿನಲ್ಲಿ ‘ರೂಟ್’ ಎಂಬ ಹೆಸರು, ಮುಂದಿನದರಲ್ಲಿ ‘ಅಡ್ಮಿನ್’, ಆಮೇಲೆ ‘ಟೆಸ್ಟ್’, ‘ಒರಾಕಲ್’, ‘ಪೋಸ್ಟ್‌ಗ್ರೆಸ್’. ಒಂದೊಂದು ಸಾಲೂ ಒಂದೊಂದು ದೇಶದ ವಿಳಾಸದಿಂದ. ಪಾಸ್‌ವರ್ಡ್ ಕೊಟ್ಟು ಒಳಬರುವ ದಾರಿ ಆ ಸರ್ವರ್‌ನಲ್ಲಿ ಮೊದಲೇ ಮುಚ್ಚಿತ್ತು, ಹಾಗಾಗಿ ಯಾರೂ ಒಳಗೆ ಬರಲಿಲ್ಲ. ಆದರೆ ಬಡಿಯುವುದನ್ನೂ ಬಿಡಲಿಲ್ಲ.

ಹೀಗೆ ಬಡಿಯುವವರು ಮನುಷ್ಯರಲ್ಲ, ಹಗಲು ರಾತ್ರಿ ಓಡುವ ಸ್ಕ್ರಿಪ್ಟ್‌ಗಳು. ಇಂಟರ್ನೆಟ್ಟಿನ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅಷ್ಟರಲ್ಲಿ ನಮ್ಮದೊಂದನ್ನು ಯಾರು ಹುಡುಕಿಯಾರು ಎಂದು ಅನ್ನಿಸುವುದು ಸಹಜ. ಆದರೆ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝಡ್‌ಮ್ಯಾಪ್ ಎಂಬ ತಂತ್ರಾಂಶ ಹೊರತಂದು, ಒಳ್ಳೆಯ ಸಂಪರ್ಕವಿರುವ ಒಂದೇ ಕಂಪ್ಯೂಟರ್‌ನಿಂದ ಮುಕ್ಕಾಲು ಗಂಟೆಯೊಳಗೆ ಇಡೀ ಐಪಿವಿ4 ಲೋಕದ ಒಂದು ಪೋರ್ಟನ್ನು ತಟ್ಟಿ ಬರಬಹುದೆಂದು ತೋರಿಸಿಬಿಟ್ಟರು. ‘ನಮ್ಮದು ಸಣ್ಣ ಕಂಪನಿ, ನಮ್ಮ ತಂಟೆಗೆ ಯಾರು ಬರುತ್ತಾರೆ’ ಎಂಬ ಮಾತನ್ನು ನಾನು ಬೆಂಗಳೂರಿನಲ್ಲೂ ಕೇಳಿದ್ದೇನೆ, ದಾವಣಗೆರೆಯಲ್ಲೂ ಕೇಳಿದ್ದೇನೆ. ಆ ಮಾತಿನ ಕಾಲ ಅಲ್ಲಿಗೇ ಮುಗಿಯಿತು. ಕಂಪನಿ ಸಣ್ಣದೋ ದೊಡ್ಡದೋ ಎಂದು ಸ್ಕ್ರಿಪ್ಟ್ ವಿಚಾರಿಸುವುದಿಲ್ಲ.

ಕ್ಲೌಡ್ ಕಂಪನಿಗಳು ಇತ್ತೀಚಿನ ವರ್ಷಗಳಲ್ಲಿ ಒಂದರ ಹಿಂದೊಂದು ಸುರಕ್ಷತಾ ಸೌಲಭ್ಯಗಳನ್ನು ಪ್ರಕಟಿಸುತ್ತಿವೆ. ವಾರಕ್ಕೊಂದು ಇಮೇಲ್ ಬರುತ್ತದೆ, ನಾವು ಓದದೆ ಪಕ್ಕಕ್ಕಿಡುತ್ತೇವೆ. ಅವುಗಳಲ್ಲಿ ಕೆಲವು ನಿಜಕ್ಕೂ ದೊಡ್ಡ ಬದಲಾವಣೆಗಳು. ಎಲ್ಲದರ ಹಿಂದೆಯೂ ಒಂದೇ ತಿರುವು ಇದೆ. ಮೊದಲು, ಮುಚ್ಚಬೇಕಾದ ಬಾಗಿಲನ್ನು ನೀವೇ ನೆನಪಿಟ್ಟು ಮುಚ್ಚಬೇಕಿತ್ತು. ಈಗ ಬಾಗಿಲು ಮುಚ್ಚಿಯೇ ಬರುತ್ತದೆ, ಬೇಕಿದ್ದರೆ ನೀವು ತೆರೆಯಬೇಕು. ಈ ತಿರುವಿಗೆ ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು, ಕೋಟಿಗಟ್ಟಲೆ ಜನರ ಖಾಸಗಿ ವಿವರ ಬೀದಿಗೆ ಬಿತ್ತು.

ಅಮೆಜಾನ್ 2006ರಲ್ಲಿ ಬಾಡಿಗೆ ಸರ್ವರ್‌ಗಳನ್ನು ಕೊಡಲು ಶುರುಮಾಡಿದಾಗ ಅದರ ನೆಟ್‌ವರ್ಕ್ ನಮ್ಮ ಹಳೆಯ ವಠಾರದ ಹಾಗಿತ್ತು. ಎಲ್ಲ ಗ್ರಾಹಕರ ಸರ್ವರ್‌ಗಳೂ ಒಂದೇ ದೊಡ್ಡ ಅಂಗಳದಲ್ಲಿ. ಪ್ರತಿ ಮನೆಗೂ ಬಾಗಿಲಿತ್ತು, ಚಿಲಕವೂ ಇತ್ತು. ಆದರೆ ಅಂಗಳ ಎಲ್ಲರದು. 2009ರಲ್ಲಿ ಬಂದ ವಿಪಿಸಿ ಪ್ರತಿ ಗ್ರಾಹಕನಿಗೂ ಸ್ವಂತ ಕಾಂಪೌಂಡ್ ಕೊಟ್ಟಿತು. ಒಳಗಿನ ವಿಳಾಸಗಳು ನಿಮ್ಮವು, ಯಾವ ಕೋಣೆಯಿಂದ ಯಾವ ಕೋಣೆಗೆ ದಾರಿ ಎಂಬುದು ನಿಮ್ಮ ತೀರ್ಮಾನ, ಬೀದಿಗೆ ಗೇಟು ಬೇಕೋ ಬೇಡವೋ ಎಂಬುದೂ ನಿಮ್ಮದೇ. 2013ರ ಕೊನೆಯ ಹೊತ್ತಿಗೆ ಹೊಸ ಗ್ರಾಹಕರಿಗೆಲ್ಲ ಕಾಂಪೌಂಡ್ ಮನೆಯೇ ಸಿಕ್ಕಿತು. ಆದರೂ ಹಳೆಯ ವಠಾರ ಪೂರ್ತಿ ಖಾಲಿಯಾಗಿ ಬೀಗ ಬಿದ್ದಿದ್ದು 2023ರಲ್ಲಿ. ಹತ್ತು ವರ್ಷ! ಹಳೆಯ ಗ್ರಾಹಕರ ಸರ್ವರ್‌ಗಳನ್ನು ಅವರನ್ನು ಕೇಳದೆ ಎಬ್ಬಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಹತ್ತು ವರ್ಷ ಸಾಕ್ಷಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಬಾಗಿಲ ವಿಷಯ ಬಿಟ್ಟು ಕೀಲಿಕೈ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ಈ ಇಡೀ ಚರಿತ್ರೆಯ ಅತಿ ಮುಖ್ಯ ಪಾಠ 2019ರದು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕ್ ಆ ವರ್ಷ ಜುಲೈನಲ್ಲಿ ಅಮೆಜಾನ್ ಕ್ಲೌಡ್‌ನಲ್ಲಿದ್ದ ತನ್ನ ಡೇಟಾ ಕಳವಾಗಿರುವುದನ್ನು ಒಪ್ಪಿಕೊಂಡಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಅದರಲ್ಲಿದ್ದವು. ಕಳವು ನಡೆದಿದ್ದು ಮಾರ್ಚ್‌ನಲ್ಲಿ, ಬ್ಯಾಂಕಿಗೆ ಗೊತ್ತಾಗಿದ್ದು ನಾಲ್ಕು ತಿಂಗಳ ನಂತರ.

ಅದು ಹೇಗೆ ನಡೆಯಿತೆಂದು ಹತ್ತಿರದಿಂದ ನೋಡಬೇಕು. ಕ್ಲೌಡ್‌ನ ಪ್ರತಿ ಸರ್ವರ್‌ಗೂ ತನ್ನ ಬಗ್ಗೆ ತಾನೇ ತಿಳಿದುಕೊಳ್ಳಲು ಒಂದು ಒಳವಿಳಾಸ ಇರುತ್ತದೆ: 169.254.169.254. ಸರ್ವರ್ ಒಳಗಿನಿಂದ ಆ ವಿಳಾಸಕ್ಕೆ ‘ನಾನು ಯಾರು, ನನಗೆ ಯಾವ ಅಧಿಕಾರ ಇದೆ’ ಎಂದು ಕೇಳಿದರೆ ಉತ್ತರ ಬರುತ್ತದೆ. ಅಧಿಕಾರದ ತಾತ್ಕಾಲಿಕ ಕೀಲಿಯೂ ಆ ಉತ್ತರದಲ್ಲೇ ಇರುತ್ತದೆ. ಹೊರಗಿನವರಿಗೆ ಈ ವಿಳಾಸ ಸಿಗುವುದಿಲ್ಲ. ಆದರೆ ಹೊರಗಿನವರು ಹೇಳಿದ ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ತಂದುಕೊಡುವ ಸರ್ವರ್‌ಗಳು ಎಷ್ಟೋ ಇವೆ. ‘ಈ ಲಿಂಕಿನಲ್ಲಿರುವ ಚಿತ್ರ ತಾ’ ಎಂದರೆ ಹೋಗಿ ತರುತ್ತವೆ. ಅಂಥ ಸರ್ವರ್‌ಗೆ ಚಿತ್ರದ ಲಿಂಕಿನ ಬದಲು 169.254.169.254 ಕೊಟ್ಟರೆ? ಕೆಲಸದ ಹುಡುಗನಿಗೆ ‘ಒಳಗೆ ಹೋಗಿ ದೇವರಮನೆಯ ಗೂಡಿನಲ್ಲಿರುವ ಕೀಲಿಗೊಂಚಲು ತಾ’ ಎಂದು ದಾರಿಹೋಕ ಹೇಳಿದ, ಹುಡುಗ ತಂದುಕೊಟ್ಟ. ಕ್ಯಾಪಿಟಲ್ ಒನ್‌ನಲ್ಲಿ ಆದದ್ದೂ ಇದೇ. ಸರಿಯಾಗಿ ಹೊಂದಿಸದ ಒಂದು ಫೈರ್‌ವಾಲ್ ಸರ್ವರ್ ಆ ಹುಡುಗನಾಗಿತ್ತು. ಅದರ ಕೈಗೆ ಸಿಕ್ಕ ಕೀಲಿಗೆ ಬೇಕಾದ್ದಕ್ಕಿಂತ ಹೆಚ್ಚು ಬೀಗಗಳನ್ನು ತೆಗೆಯುವ ಅಧಿಕಾರವಿತ್ತು. ಬ್ಯಾಂಕಿಗೆ ಮರುವರ್ಷ ಅಮೆರಿಕದ ಬ್ಯಾಂಕಿಂಗ್ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದರು.

2019ರ ನವೆಂಬರ್‌ನಲ್ಲಿ ಅಮೆಜಾನ್ ಈ ಒಳವಿಳಾಸದ ಎರಡನೇ ಆವೃತ್ತಿಯನ್ನು ತಂದಿತು. ಐಎಂಡಿಎಸ್ ವಿ2 ಎಂದು ಅದರ ಹೆಸರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಬಹುದು. ಆದರೆ ಹಾಕಿದ ಬಾಗಿಲಿನ ಕೆಲಸಗಾರಿಕೆ ನೋಡುವಂಥದ್ದು. ಈ ಆವೃತ್ತಿಯಲ್ಲಿ ಬರಿದೇ ಹೋಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಮೊದಲು ‘ಪುಟ್’ ಎಂಬ ಬೇರೆ ಬಗೆಯ ವಿನಂತಿ ಕಳಿಸಿ ಒಂದು ಟೋಕನ್ ಪಡೆಯಬೇಕು. ಆಮೇಲೆ ಆ ಟೋಕನ್ ತೋರಿಸಿ ಕೇಳಬೇಕು. ಲಿಂಕ್ ಕೊಟ್ಟರೆ ಹೋಗಿ ತರುವ ಸರ್ವರ್‌ಗಳಿಗೆ ಸಾಮಾನ್ಯವಾಗಿ ‘ತಾ’ ಎಂಬುದು ಮಾತ್ರ ಗೊತ್ತು, ಈ ಎರಡು ಹೆಜ್ಜೆಯ ಕುಣಿತ ಬರುವುದಿಲ್ಲ.

ಅದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ. ಇಂಟರ್ನೆಟ್ಟಿನಲ್ಲಿ ಓಡಾಡುವ ಪ್ರತಿ ಪ್ಯಾಕೆಟ್ ಮೇಲೂ ಅದು ಎಷ್ಟು ಜಿಗಿತ ಹೋಗಬಹುದು ಎಂಬ ಅಂಕಿ ಬರೆದಿರುತ್ತದೆ. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗಿ, ಸೊನ್ನೆಯಾದಾಗ ಪ್ಯಾಕೆಟ್ ಅಲ್ಲೇ ಸಾಯುತ್ತದೆ. ಟೋಕನ್ ಹೊತ್ತ ಉತ್ತರದ ಮೇಲೆ ಅಮೆಜಾನ್ ಬರೆದ ಅಂಕಿ 1. ಒಂದೇ ಸ್ಟೇಜಿನ ಬಸ್ ಟಿಕೆಟ್ ಅದು. ಸರ್ವರ್ ತಲುಪಿದರೆ ಅಲ್ಲಿಗೆ ಮುಗಿಯಿತು, ಅದರಾಚೆಗೆ ಯಾರಾದರೂ ಸಾಗಿಸಲು ಹೋದರೆ ದಾರಿಯಲ್ಲೇ ಇಲ್ಲವಾಗುತ್ತದೆ. ಇಂಟರ್ನೆಟ್ಟಿನ ಆರಂಭಕಾಲದಿಂದ ಇದ್ದ ಒಂದು ಅಂಕಿಯನ್ನು ಹೀಗೆ ಕಾವಲಿಗೆ ನಿಲ್ಲಿಸಿದ್ದು ನನಗೆ ಇವತ್ತಿಗೂ ಮೆಚ್ಚುಗೆಯ ವಿಷಯ. ಒಂದು ಎಚ್ಚರಿಕೆ: ಡಾಕರ್ ಕಂಟೇನರ್ ಒಳಗಿನ ಪ್ರೋಗ್ರಾಂಗಳಿಗೆ ಈ ಒಂದು ಜಿಗಿತ ಸಾಲದೆ ಕೆಲಸ ನಿಲ್ಲುತ್ತದೆ, ಆಗ ಅಂಕಿಯನ್ನು 2 ಮಾಡಬೇಕಾಗುತ್ತದೆ. ರಾತ್ರಿ ಒಂದು ಗಂಟೆಗೆ ಅದನ್ನು ಹುಡುಕುತ್ತ ಕೂರುವ ಬದಲು ಮೊದಲೇ ತಿಳಿದಿರುವುದು ಒಳ್ಳೆಯದು.

ಅಮೆಜಾನ್‌ನ ಎಸ್3 ಎಂಬ ಫೈಲು ಉಗ್ರಾಣದ ಕಥೆ ಇನ್ನೂ ಹಳೆಯದು. ಅಲ್ಲಿ ಫೈಲುಗಳನ್ನಿಡುವ ಡಬ್ಬಿಗೆ ‘ಬಕೆಟ್’ ಎಂದು ಹೆಸರು. ಬಕೆಟ್‌ಗಳು ಹುಟ್ಟುವಾಗ ಖಾಸಗಿಯಾಗಿಯೇ ಹುಟ್ಟುತ್ತಿದ್ದವು, ನ್ಯಾಯವಾಗಿ ಅದನ್ನು ಹೇಳಬೇಕು. ಆದರೆ ತೆರೆಯುವುದು ತೀರಾ ಸುಲಭವಿತ್ತು. ಯಾವುದೋ ಚಿತ್ರ ವೆಬ್‌ಸೈಟ್‌ನಲ್ಲಿ ಕಾಣುತ್ತಿಲ್ಲ ಎಂದು ಡೆವಲಪರ್ ಗಡಿಬಿಡಿಯಲ್ಲಿ ‘ಪಬ್ಲಿಕ್’ ಮಾಡುತ್ತಿದ್ದ, ಚಿತ್ರ ಕಾಣುತ್ತಿತ್ತು, ವಿಷಯ ಮರೆತುಹೋಗುತ್ತಿತ್ತು. ಅದೇ ಬಕೆಟ್‌ಗೆ ಆರು ತಿಂಗಳ ನಂತರ ಇನ್ನೊಬ್ಬ ಗ್ರಾಹಕರ ಪಟ್ಟಿ ತಂದು ಹಾಕುತ್ತಿದ್ದ. 2017ರ ಜೂನ್‌ನಲ್ಲಿ ಅಮೆರಿಕದ ಸುಮಾರು 19.8 ಕೋಟಿ ಮತದಾರರ ವಿವರಗಳು ಹೀಗೆಯೇ ತೆರೆದ ಬಕೆಟ್‌ನಲ್ಲಿ ಸಿಕ್ಕವು. ರಿಪಬ್ಲಿಕನ್ ಪಕ್ಷಕ್ಕೆ ಕೆಲಸ ಮಾಡುತ್ತಿದ್ದ ಡೇಟಾ ಕಂಪನಿಯದು ಆ ಬಕೆಟ್. ಯಾರೂ ಬೀಗ ಒಡೆಯಬೇಕಾಗಿರಲಿಲ್ಲ, ವಿಳಾಸ ಗೊತ್ತಿದ್ದರೆ ಸಾಕಿತ್ತು.

2018ರ ನವೆಂಬರ್‌ನಲ್ಲಿ ಅಮೆಜಾನ್ ‘ಬ್ಲಾಕ್ ಪಬ್ಲಿಕ್ ಆಕ್ಸೆಸ್’ ಎಂಬ ಒಂದು ದೊಡ್ಡ ಅಗುಳಿ ಕೊಟ್ಟಿತು. ಒಳಗೆ ಯಾರು ಯಾವ ಬಕೆಟ್ಟನ್ನು ಏನೇ ಮಾಡಿರಲಿ, ಖಾತೆಯ ಮಟ್ಟದಲ್ಲಿ ಇದನ್ನು ಜಡಿದರೆ ಎಲ್ಲ ಬಕೆಟ್‌ಗಳೂ ಹೊರಗಿನವರಿಗೆ ಮುಚ್ಚಿದಂತೆಯೇ. ಆದರೆ ಅದು ನೀವಾಗಿ ಹಾಕಿಕೊಳ್ಳಬೇಕಾದ ಅಗುಳಿಯಾಗಿತ್ತು. 2023ರ ಏಪ್ರಿಲ್‌ನಿಂದ ಹೊಸದಾಗಿ ಹುಟ್ಟುವ ಪ್ರತಿ ಬಕೆಟ್‌ಗೂ ಅದು ತಾನಾಗಿ ಬೀಳುತ್ತಿದೆ. ಅದೇ ವರ್ಷದ ಜನವರಿಯಿಂದ, ಒಳಗೆ ಬರುವ ಪ್ರತಿ ಹೊಸ ಫೈಲೂ ತಾನಾಗಿ ಎನ್‌ಕ್ರಿಪ್ಟ್ ಆಗುತ್ತಿದೆ.

ಎರಡನೆಯದನ್ನು ಕೇಳಿ ನೆಮ್ಮದಿಯಾಗಿ ಮಲಗುವವರನ್ನು ಕಂಡು ನನಗೆ ಆತಂಕ. ‘ಎನ್‌ಕ್ರಿಪ್ಟ್ ಆಗಿದೆಯಲ್ಲ ಸಾರ್’ ಎನ್ನುತ್ತಾರೆ. ಈ ಎನ್‌ಕ್ರಿಪ್ಶನ್ ಕಾಯುವುದು ಡಿಸ್ಕನ್ನೇ ಕದ್ದೊಯ್ಯುವವನಿಂದ. ಬಾಗಿಲಲ್ಲಿ ನಿಂತು ಕೇಳಿದವನಿಗೆ ಅಧಿಕಾರ ಇದೆ ಎಂದಾದರೆ ಎಸ್3 ತಾನೇ ಬಿಡಿಸಿ ಓದಲು ಕೊಡುತ್ತದೆ. ಬಕೆಟ್ ಪಬ್ಲಿಕ್ ಆಗಿದ್ದರೆ ಲೋಕಕ್ಕೆಲ್ಲ ಅಧಿಕಾರ ಇದೆ ಎಂದೇ ಅರ್ಥ. ಯಾರಿಗೆ ಅನುಮತಿ ಎಂಬ ಪ್ರಶ್ನೆಗೆ ಎನ್‌ಕ್ರಿಪ್ಶನ್ ಉತ್ತರವಲ್ಲ.

ಇದೇ ಎಸ್3ಯಲ್ಲಿ 2024ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಒಬ್ಬ ಎಂಜಿನಿಯರ್ ಖಾಲಿ ಖಾಸಗಿ ಬಕೆಟ್ ಒಂದನ್ನು ಮಾಡಿಟ್ಟಿದ್ದ. ಅದಕ್ಕಿಟ್ಟ ಹೆಸರು ಆಕಸ್ಮಿಕವಾಗಿ ಒಂದು ಓಪನ್ ಸೋರ್ಸ್ ತಂತ್ರಾಂಶದ ಸಿದ್ಧ ಸೆಟ್ಟಿಂಗ್‌ನಲ್ಲಿದ್ದ ಹೆಸರೇ ಆಗಿತ್ತು. ಆ ತಂತ್ರಾಂಶ ಹಾಕಿಕೊಂಡವರ ಕಂಪ್ಯೂಟರ್‌ಗಳೆಲ್ಲ ಈತನ ಬಕೆಟ್‌ಗೆ ಬ್ಯಾಕಪ್ ತುಂಬಲು ಹೊರಟವು. ಒಂದೇ ದಿನದಲ್ಲಿ ಸುಮಾರು 10 ಕೋಟಿ ವಿನಂತಿ. ಎಲ್ಲವನ್ನೂ ಎಸ್3 ನಿರಾಕರಿಸಿತು, ಆದರೆ ನಿರಾಕರಿಸಿದ್ದಕ್ಕೂ ಬಿಲ್ ಹಾಕಿತು: 1,300 ಡಾಲರ್‌ಗೂ ಹೆಚ್ಚು. ಆತ ಬರೆದದ್ದು ಎಲ್ಲೆಡೆ ಹರಡಿ, ಅದೇ ವರ್ಷದ ಮೇ ತಿಂಗಳಲ್ಲಿ ಅಮೆಜಾನ್ ನಿಯಮ ತಿದ್ದಿತು. ಅನುಮತಿಯಿಲ್ಲದ ಹೊರಗಿನವರು ಬಂದು ಬಡಿದರೆ ಇನ್ನು ಬಕೆಟ್ ಒಡೆಯನಿಗೆ ಬಿಲ್ ಇಲ್ಲ. ಒಬ್ಬ ಬಳಕೆದಾರ ದನಿ ಎತ್ತಿದ್ದರಿಂದ ಎಲ್ಲರಿಗೂ ಒಳ್ಳೆಯದಾಯಿತು.

ನೆಟ್‌ವರ್ಕ್ ಕಡೆಯ ಬದಲಾವಣೆಗೆ ಕಾರಣ ಸುರಕ್ಷತೆ ಒಂದೇ ಅಲ್ಲ, ಬಡತನವೂ ಹೌದು. ಐಪಿವಿ4 ವಿಳಾಸಗಳ ಬಡತನ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿಯಿತು. ಇದ್ದವುಗಳ ಬೆಲೆ ಏರುತ್ತಾ ಹೋಯಿತು. 2024ರ ಫೆಬ್ರುವರಿ 1ರಿಂದ ಅಮೆಜಾನ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಬಾಡಿಗೆ ಹಾಕಿದೆ. ತಿಂಗಳಿಗೆ ಮುನ್ನೂರು ರೂಪಾಯಿ ಚಿಲ್ಲರೆ. ಒಂದು ಸರ್ವರ್‌ಗೆ ಇದು ಏನೂ ಅಲ್ಲ, ನೂರು ಸರ್ವರ್ ಇದ್ದವರಿಗೆ ಲೆಕ್ಕಕ್ಕೆ ಬರುತ್ತದೆ. ಬಿಲ್ ನೋಡಿದ ಮಾಲೀಕರು ಮೊದಲ ಬಾರಿಗೆ ‘ಈ ಸರ್ವರ್‌ಗೆ ಬೀದಿಗೆ ಬಾಗಿಲು ಯಾಕೆ ಬೇಕು’ ಎಂದು ಕೇಳಿದರು. ಸುರಕ್ಷತೆಯವರು ವರ್ಷಗಟ್ಟಲೆ ಗೋಗರೆದರೂ ಆಗದ ಕೆಲಸವನ್ನು ಮುನ್ನೂರು ರೂಪಾಯಿ ಮಾಡಿತು.

ನಿಜವಾಗಿ ನೋಡಿದರೆ ಬಹುತೇಕ ಸರ್ವರ್‌ಗಳಿಗೆ ಪಬ್ಲಿಕ್ ವಿಳಾಸ ಬೇಕಿಲ್ಲ. ಡೇಟಾಬೇಸ್‌ಗಂತೂ ಬೇಡವೇ ಬೇಡ. 2017ರ ಜನವರಿಯಲ್ಲಿ, ಪಾಸ್‌ವರ್ಡ್ ಇಲ್ಲದೆ ಬೀದಿಗೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ಹಣ ಕೇಳುವ ಚೀಟಿ ಇಟ್ಟು ಹೋಗಿದ್ದರು. ‘ಆದರೆ ನಾವು ಲಾಗಿನ್ ಆಗುವುದು ಹೇಗೆ’ ಎಂಬುದು ಹಳೆಯ ತಕರಾರು. ಅದಕ್ಕೆ 2023ರ ಜೂನ್‌ನಲ್ಲಿ ‘ಇನ್‌ಸ್ಟನ್ಸ್ ಕನೆಕ್ಟ್ ಎಂಡ್‌ಪಾಯಿಂಟ್’ ಬಂತು. ಸರ್ವರ್‌ಗೆ ಪಬ್ಲಿಕ್ ವಿಳಾಸ ಇಲ್ಲದಿದ್ದರೂ ನಿಮ್ಮ ಅಮೆಜಾನ್ ಖಾತೆಯ ಗುರುತಿನ ಮೇಲೆ ಒಳದಾರಿಯಿಂದ ಹೋಗಬಹುದು. ನನ್ನ 22ನೇ ಪೋರ್ಟಿನ ಪರೀಕ್ಷೆ ಮುಗಿಸಿ ಆ ಸರ್ವರ್‌ನ ಪಬ್ಲಿಕ್ ವಿಳಾಸ ಕಿತ್ತುಹಾಕಿ, ಈ ದಾರಿಯಿಂದ ಒಳಗೆ ಹೋಗಿ ಲಾಗ್ ನೋಡಿದೆ. ಕೊನೆಯ ಬಡಿತದ ಸಮಯ ಅಲ್ಲಿತ್ತು. ಅದರ ಕೆಳಗೆ ನನ್ನ ಲಾಗಿನ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

2024ರ ನವೆಂಬರ್‌ನಲ್ಲಿ ಇನ್ನೂ ಎರಡು ಬಂದವು. ಒಂದು, ಬಕೆಟ್‌ಗಳಿಗಿದ್ದ ದೊಡ್ಡ ಅಗುಳಿಯ ಹಾಗೆ ಇಡೀ ವಿಪಿಸಿಗೇ ಹಾಕುವ ಅಗುಳಿ. ಒಳಗಿನ ಯಾವ ಎಂಜಿನಿಯರ್ ಯಾವ ಕಿಂಡಿ ತೆರೆದರೂ ಇಂಟರ್ನೆಟ್ ಒಳಗೆ ಬರುವುದಿಲ್ಲ. ಇನ್ನೊಂದು, ಕ್ಲೌಡ್‌ಫ್ರಂಟ್ ಎಂಬ ಮುಂಭಾಗದ ಸೇವೆ ಪಬ್ಲಿಕ್ ವಿಳಾಸವೇ ಇಲ್ಲದ ಸರ್ವರ್‌ನಿಂದ ಪುಟಗಳನ್ನು ತಂದು ಓದುಗನಿಗೆ ಕೊಡುವ ವ್ಯವಸ್ಥೆ. ಅಂದರೆ ವೆಬ್‌ಸೈಟ್ ನಡೆಸುವ ಸರ್ವರ್‌ಗೂ ಈಗ ಬೀದಿ ಬಾಗಿಲು ಬೇಕಿಲ್ಲ.

ಒಂದು ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಪಬ್ಲಿಕ್ ವಿಳಾಸ ತೆಗೆದ ಸರ್ವರ್ ಹೊರಗಿನಿಂದ ಅಪ್‌ಡೇಟ್ ತರಬೇಕಾದರೆ ಸಾಮಾನ್ಯವಾಗಿ ನ್ಯಾಟ್ ಗೇಟ್‌ವೇ ಬೇಕು. ಅದಕ್ಕೆ ಗಂಟೆಗಿಷ್ಟು ಬಾಡಿಗೆ, ದಾಟಿದ ಪ್ರತಿ ಜಿಬಿಗೂ ಸುಂಕ. ಇದು ಸಣ್ಣ ಕಂಪನಿಗಳ ಬಿಲ್‌ನ ದೊಡ್ಡ ಸೋರಿಕೆ. ಎಸ್3 ಜೊತೆಗಿನ ಮಾತುಕತೆಯೂ ಈ ಸುಂಕದ ಕಟ್ಟೆ ಹಾದುಹೋಗುತ್ತಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಅದಕ್ಕೆ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ಪುಕ್ಕಟೆ ಒಳದಾರಿ ಇದೆ, ಹಾಕಿಕೊಳ್ಳಿ. ಸುರಕ್ಷಿತ ದಾರಿ ದುಬಾರಿಯಾಗಿದ್ದರೆ ಜನ ಅಪಾಯದ ದಾರಿಯನ್ನೇ ಹಿಡಿಯುತ್ತಾರೆ. ನ್ಯಾಟ್ ಗೇಟ್‌ವೇ ಬೆಲೆಯನ್ನು ಕಂಪನಿಗಳು ಇಳಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಆಗಲೇ ಬಿಟ್ಟ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ಅಗುಳಿ, ಚಿಲಕಗಳಲ್ಲಿ ತಾವಾಗಿ ಬೀಳುವವು ಬೀಳುವುದೂ ಹೊಸದಾಗಿ ಕಟ್ಟಿದ್ದಕ್ಕೆ ಮಾತ್ರ. 2023ರ ಏಪ್ರಿಲ್‌ಗಿಂತ ಮೊದಲು ಹುಟ್ಟಿದ ಬಕೆಟ್ ಹಾಗೆಯೇ ಇದೆ. ಆಗ ತೆರೆದಿಟ್ಟಿದ್ದರೆ ಈಗಲೂ ತೆರೆದಿದೆ. ಹಳೆಯ ಸರ್ವರ್ ಈಗಲೂ ಟೋಕನ್ ಕೇಳದೆ ಕೀಲಿ ಕೊಡುತ್ತದೆ. ಕಂಪನಿಯನ್ನು ದೂರುವುದು ಸುಲಭ, ಆದರೆ ಹತ್ತು ವರ್ಷದಿಂದ ನಡೆಯುತ್ತಿರುವ ಯಾರದೋ ವ್ಯವಸ್ಥೆಯನ್ನು ಅವರಿಗೆ ಹೇಳದೆ ಮುಚ್ಚಿದರೆ ಮರುದಿನ ಯಾರದೋ ಪಾವತಿ ನಿಲ್ಲುತ್ತದೆ, ಯಾವುದೋ ಆಸ್ಪತ್ರೆಯ ವರದಿ ತೆರೆಯುವುದಿಲ್ಲ. ಹಾಗಾಗಿ ಹಳೆಯ ಬಾಗಿಲು ನಮ್ಮ ಪಾಲಿಗೇ ಉಳಿದಿದೆ.

ಕಳೆದ ವರ್ಷ ಪರಿಚಯದ ಸಣ್ಣ ಸಂಸ್ಥೆಯೊಂದು ಬಿಲ್ ಕಡಿಮೆ ಮಾಡಿಕೊಡಿ ಎಂದು ನನ್ನನ್ನು ಕರೆದಿತ್ತು. ಬಕೆಟ್‌ಗಳ ಪಟ್ಟಿಯಲ್ಲಿ 2016ರದೊಂದು ಕಂಡಿತು. ಅದರ ಹೆಸರಿನ ಕೊನೆಯಲ್ಲಿ ‘ಟೆಂಪ್’ ಎಂದಿತ್ತು. ಅದರೊಳಗಿನ ಒಂದು ಫೈಲಿನ ವಿಳಾಸವನ್ನು ನನ್ನ ಮೊಬೈಲಿನಲ್ಲಿ, ಯಾವ ಲಾಗಿನ್ನೂ ಇಲ್ಲದೆ ತೆರೆದೆ. ಒಬ್ಬ ಹೆಂಗಸಿನ ರೇಷನ್ ಕಾರ್ಡ್ ಪರದೆ ತುಂಬ ಮೂಡಿತು. ಮನೆಯವರ ಹೆಸರು, ವಯಸ್ಸು, ಮೂಲೆಯಲ್ಲಿ ಫೋಟೋ. ಕೆಳಗೆ ಅಂಥವು ಇನ್ನೂ ನೂರಾರು. ಮುಚ್ಚಲು ನಾಲ್ಕು ನಿಮಿಷ ಸಾಕಾಯಿತು. ಎಷ್ಟು ಜನ ನೋಡಿದರು ಎಂದು ಸಂಸ್ಥೆಯವರು ಕೇಳಿದರು. ಉತ್ತರ ಇರಲಿಲ್ಲ. ಬಕೆಟ್ಟಿನ ಬಾಗಿಲಿಗೆ ಬಂದವರ ಲೆಕ್ಕ ಇಡುವ ಲಾಗ್ ತಾನಾಗಿ ಚಾಲೂ ಆಗುವುದಿಲ್ಲ, ಅಲ್ಲಿ ಅದನ್ನು ಯಾರೂ ಹಾಕಿಯೇ ಇರಲಿಲ್ಲ. ಆ ಹೆಂಗಸಿಗೆ ಈ ವಿಷಯ ಇವತ್ತಿಗೂ ಗೊತ್ತಿರಲಾರದು. ಆ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ.

ಕಾನೂನೂ ಈಗ ಸುಮ್ಮನಿಲ್ಲ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಡೇಟಾ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸರಿಯಾದ ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಕ್ಲೌಡ್ ಕಂಪನಿಯ ಕರಾರಿನಲ್ಲೂ ಗಡಿ ಸ್ಪಷ್ಟ: ಕಟ್ಟಡ, ಯಂತ್ರ, ಕೇಬಲ್ ಅವರ ಹೊಣೆ, ಅದರ ಮೇಲೆ ನೀವಿಟ್ಟದ್ದು ಮತ್ತು ಯಾರಿಗೆ ತೆರೆದಿರಿ ಎಂಬುದು ನಿಮ್ಮ ಹೊಣೆ.

ನೀವು ಒಂದು ಸಣ್ಣ ಸಂಸ್ಥೆಯ ಕ್ಲೌಡ್ ಖಾತೆ ನೋಡಿಕೊಳ್ಳುವವರಾದರೆ ಒಂದು ಮಧ್ಯಾಹ್ನ ಇದಕ್ಕಾಗಿ ಎತ್ತಿಡಿ. ಬಕೆಟ್‌ಗಳ ಪಟ್ಟಿಯನ್ನು ಹಳೆಯದು ಮೇಲೆ ಬರುವಂತೆ ಜೋಡಿಸಿ, ಮೇಲಿನಿಂದ ನೋಡುತ್ತ ಬನ್ನಿ. ಅಮೆಜಾನ್‌ನ ಆಕ್ಸೆಸ್ ಅನಲೈಸರ್ ಹಾಕಿದರೆ ಹೊರಗಿನವರಿಗೆ ತೆರೆದಿರುವ ಬಕೆಟ್‌ಗಳನ್ನು ಅದೇ ಹುಡುಕಿ ಕೊಡುತ್ತದೆ, ಅದಕ್ಕೆ ದುಡ್ಡಿಲ್ಲ. ಸರ್ವರ್‌ಗಳ ಫೈರ್‌ವಾಲ್ ನಿಯಮಗಳಾದ ಸೆಕ್ಯುರಿಟಿ ಗ್ರೂಪ್‌ಗಳಲ್ಲಿ 0.0.0.0/0 ಎಂಬ ಸಾಲು ಕಂಡಲ್ಲೆಲ್ಲ ನಿಲ್ಲಿ, ‘ಇಡೀ ಲೋಕ’ ಎಂದು ಅದರ ಅರ್ಥ. ವೆಬ್‌ಸೈಟಿನ ಪೋರ್ಟಾದ 443ರ ಮುಂದೆ ಅದಿದ್ದರೆ ಸರಿ, 22ರ ಮುಂದೆ ಅಥವಾ ಡೇಟಾಬೇಸ್ ಪೋರ್ಟಿನ ಮುಂದೆ ಇದ್ದರೆ ತೆಗೆಯಿರಿ. ಸರ್ವರ್ ಟೋಕನ್ ಇಲ್ಲದ ಹಳೆಯ ದಾರಿಯನ್ನು ಇನ್ನೂ ಬಳಸುತ್ತಿದೆಯೇ ಎಂಬುದನ್ನು ಅಮೆಜಾನ್‌ನ ಉಸ್ತುವಾರಿ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ‘ಮೆಟಾಡೇಟಾ ನೋ ಟೋಕನ್’ ಎಂಬ ಅಂಕಿ ತೋರಿಸುತ್ತದೆ. ಎರಡು ವಾರ ಅದು ಸೊನ್ನೆಯಲ್ಲೇ ಇದ್ದರೆ ಹಳೆಯ ದಾರಿ ಮುಚ್ಚಿಬಿಡಿ, ಸರ್ವರ್ ನಿಲ್ಲಿಸಬೇಕಾಗಿಯೂ ಇಲ್ಲ. ಅಮೆಜಾನ್ ಖಾತೆಯ ರೂಟ್ ಲಾಗಿನ್ನಿಗೆ ಎಂಎಫ್ಎ ಎಂಬ ಎರಡನೇ ಬೀಗ ಹಾಕದಿದ್ದರೆ ಅಮೆಜಾನ್ ಈಗ ತಾನಾಗಿ ಒತ್ತಾಯ ಮಾಡುತ್ತದೆ, ಅದನ್ನು ಮುಂದೂಡಬೇಡಿ.

ಹೆಸರಿನಲ್ಲಿ ‘ಟೆಂಪ್’, ‘ಟೆಸ್ಟ್’, ‘ಓಲ್ಡ್’ ಎಂದಿರುವ ಬಕೆಟ್‌ಗಳಿಂದ ಶುರುಮಾಡಿ.